ಬೀರುವಿನಲ್ಲಿದ್ದ ಡೆಕ್ಕಾ ಕಾರ್ಟ್ರಿಜ್: ಎಸೆಯಬೇಡಿ, ಅಂಟೂ ಹಾಕಬೇಡಿ

ಪ್ರಶ್ನೆ: ಸರ್, ನಮ್ಮ ತಂದೆ ದಾವಣಗೆರೆಯಲ್ಲಿ ಡಾಕ್ಟರಿಕೆ ಓದಿ, ಆಮೇಲೆ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. 80ರ ದಶಕದ ಶುರುವಿನಲ್ಲಿ ಚಿತ್ರದುರ್ಗಕ್ಕೆ ವಾಪಸ್ ಬರುವಾಗ ಗ್ಯಾರಾರ್ಡ್ 401 ಟರ್ನ್‌ಟೇಬಲ್, ಎಸ್‌ಎಂಇ 3009 ಆರ್ಮ್ (ರೆಕಾರ್ಡಿನ ಮೇಲೆ ಚಾಚುವ ಕೈ), ಅದರ ತುದಿಗೆ ಮುಳ್ಳು ಇರುವ ತಲೆಯಾಗಿ ಒಂದು ‘ಡೆಕ್ಕಾ ಲಂಡನ್ ಮೆರೂನ್’ ಕಾರ್ಟ್ರಿಜ್ ತಂದಿದ್ದರು. ಅವರು ಹೋದ ಮೇಲೆ ಎಲ್ಲವೂ ಬೀರು ಸೇರಿತ್ತು. ಈಗ ಹೊರತೆಗೆದು ಹಾಕಿದರೆ ಎಡಗಡೆ ಸದ್ದು ಕಮ್ಮಿ. ಹಾಡುವವರು ಗಂಟಲು ಎತ್ತಿದಾಗ ದನಿ ಹರಿದಂತೆ ಕೇಳುತ್ತದೆ. ಮುಳ್ಳು ರೆಕಾರ್ಡಿನ ನಡುವಿಗೆ ಹೋದಷ್ಟೂ ಗುಂಯ್ ಅನ್ನುವ ಸದ್ದು ಜಾಸ್ತಿ. ಇಲ್ಲಿನ ರಿಪೇರಿಯವರು ‘ಮುಳ್ಳು ಬದಲಾಯಿಸಿ’ ಅಂದರು, ಆದರೆ ಇದರ ಮುಳ್ಳು ಎಲ್ಲೂ ಸಿಗುತ್ತಿಲ್ಲ. ಇನ್ನೊಬ್ಬರು ‘ಒಳಗೆ ದಾರ ಸಡಿಲ ಆಗಿದೆ, ಒಂದು ಹನಿ ಫೆವಿಕ್ವಿಕ್ ಹಾಕಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ಹಾಕಲಾ? ಇಲ್ಲ, ಇದನ್ನು ಬಿಟ್ಟು ಹೊಸದು ತಗೊಳ್ಳಲಾ? ಅಜ್ಜಿಯ ಕಾಲದ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳೂ ಮನೆಯಲ್ಲಿವೆ. ಅವನ್ನೂ ಇದರಲ್ಲೇ ಹಾಕಬಹುದಾ?
(ಓದುಗರು, ಚಿತ್ರದುರ್ಗ)

ಉತ್ತರ: ಮೊದಲು ಆ ಫೆವಿಕ್ವಿಕ್ ಟ್ಯೂಬನ್ನು ಒಳಗಿಡಿ ಅಮ್ಮಾ. ಉಳಿದ ಯಾವ ತೊಂದರೆಗೂ ಒಂದಲ್ಲ ಒಂದು ದಾರಿ ಇದೆ. ಅಂಟು ಒಳಗೆ ಹೋದ ಡೆಕ್ಕಾಗೆ ಮಾತ್ರ ದಾರಿ ತುಂಬಾ ಕಷ್ಟ.

ನಿಮ್ಮ ಕೈಯಲ್ಲಿರುವುದು ಬಹಳ ಅಪರೂಪದ ವಸ್ತು. ಮಾಮೂಲಿ ಕಾರ್ಟ್ರಿಜ್ ತಲೆಯಲ್ಲಿ ಇಟ್ಟುಕೊಂಡು ಇದನ್ನು ರಿಪೇರಿ ಮಾಡಲು ಹೋದರೆ ಕೆಡುವುದು ಖಂಡಿತ. ಆದ್ದರಿಂದ ಇದು ಕೆಲಸ ಮಾಡುವುದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮಾಮೂಲಿ ಕಾರ್ಟ್ರಿಜ್‌ನಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಒಂದು ತುದಿಗೆ ವಜ್ರದ ಮುಳ್ಳು, ಇನ್ನೊಂದು ತುದಿಗೆ ಪುಟ್ಟ ಅಯಸ್ಕಾಂತ ಅಥವಾ ಕಾಯಿಲ್ (ತಂತಿಯ ಸುರುಳಿ). ನಡುವೆ ಒಂದು ರಬ್ಬರ್ ಬಳೆ. ರೆಕಾರ್ಡಿನ ಗೆರೆ ಮುಳ್ಳನ್ನು ಅಲುಗಿಸಿದರೆ ಆ ಅಲುಗಾಟ ಕೊಳವೆಯ ಉದ್ದಕ್ಕೂ ಹೋಗಿ ಹಿಂದಿನ ತುದಿಯಲ್ಲಿ ಕರೆಂಟ್ ಆಗುತ್ತದೆ. ಇಂಗ್ಲೆಂಡಿನ ಡೆಕ್ಕಾ ರೆಕಾರ್ಡ್ ಕಂಪನಿಯ ಎಂಜಿನಿಯರುಗಳು ಈ ಕೊಳವೆಯೇ ಬೇಡ ಅಂದರು. ವಜ್ರವನ್ನು ನಿಂತಿರುವ ಒಂದು ತೆಳ್ಳನೆ ಉಕ್ಕಿನ ಪಟ್ಟಿಯ ಕೆಳತುದಿಗೆ ಕೂರಿಸಿದರು. ಕಾಯಿಲ್ ಇರುವುದು ಅದರ ಮೇಲೆಯೇ, ಕೂದಲೆಳೆಯ ಅಂತರ ಬಿಟ್ಟು. ಗೆರೆಯಲ್ಲಿ ಆದ ಅಲುಗಾಟ ಎಲ್ಲೂ ಸುತ್ತಿ ಬಳಸದೆ ಅಲ್ಲೇ ಕರೆಂಟ್ ಆಗುತ್ತದೆ. ತಬಲಾದ ಮೇಲೆ ಬೆರಳು ಬಿದ್ದ ಕ್ಷಣ, ಹಾರ್ಮೋನಿಯಂನ ಗಾಳಿ ಶುರುವಾಗುವ ಕ್ಷಣ ಇದರಲ್ಲಿ ಅಷ್ಟು ಹತ್ತಿರ ಕೇಳುವುದು ಇದೇ ಕಾರಣಕ್ಕೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿಯನ್ನು ಸರಿಯಾಗಿ ಹೊಂದಿಸಿದ ಡೆಕ್ಕಾದಲ್ಲಿ ಕೇಳಿ. ಅವರು ಉಸಿರು ಎಳೆದುಕೊಳ್ಳುವ ಜಾಗ ಗೊತ್ತಾಗುತ್ತದೆ.

ಆದರೆ ಕೊಳವೆ ತೆಗೆದ ಮೇಲೆ ಒಂದು ಸಮಸ್ಯೆ ಉಳಿಯಿತು. ತಿರುಗುವ ರೆಕಾರ್ಡು ಮುಳ್ಳನ್ನು ಸದಾ ಮುಂದಕ್ಕೆ ಎಳೆಯುತ್ತದೆ. ಅಷ್ಟು ತೆಳ್ಳನೆಯ ಪಟ್ಟಿ ಆ ಎಳೆತಕ್ಕೆ ಬಾಗಿಹೋಗಬೇಕು. ಹಾಗಾಗದಂತೆ ಒಂದು ದಾರ ಅದನ್ನು ಹಿಂದಕ್ಕೆ ಕಟ್ಟಿ ಹಿಡಿದಿದೆ. ಮುನ್ನುಗ್ಗುವ ಹೋರಿಯನ್ನು ಹಿಂದಿನಿಂದ ಹಗ್ಗ ಹಿಡಿದು ತಡೆದ ಹಾಗೆ. ದಾರ ಮುಂದಿನ ಎಳೆತವನ್ನು ತಡೆಯಬೇಕು, ಆದರೆ ಪಕ್ಕಕ್ಕೆ ಮತ್ತು ಮೇಲಕ್ಕೆ ಕೆಳಕ್ಕೆ ಅಲುಗಾಡಲು ಬಿಡಬೇಕು. ಅಲುಗಾಟ ಅತಿಯಾಗದಂತೆ ನೋಡಿಕೊಳ್ಳಲು ಒಳಗೆ ಸ್ವಲ್ಪ ರಬ್ಬರ್ ಇದೆ. ಈ ಕಾರ್ಟ್ರಿಜ್‌ನ ಜೀವ ಇರುವುದು ಈ ದಾರ ಮತ್ತು ರಬ್ಬರಿನಲ್ಲಿ. ಅಯಸ್ಕಾಂತ, ಕಾಯಿಲ್, ಮೈ ಇವೆಲ್ಲ ಗಟ್ಟಿ ಸರಕು. ಅವು ಸುಮ್ಮನೆ ಕೂತು ಕೆಡುವುದು ಕಮ್ಮಿ.

ಈಗ ಫೆವಿಕ್ವಿಕ್ ಯಾಕೆ ಬೇಡ ಅನ್ನುವುದು ತಾನೇ ಗೊತ್ತಾಗುತ್ತದೆ. ನೀರಿನಷ್ಟು ತೆಳುವಾದ ಆ ಅಂಟು ದಾರದ ಎಳೆಗಳೊಳಗೆ ಹೀರಿಕೊಂಡು ಓಡುತ್ತದೆ. ಒಣಗಿದ ಮೇಲೆ ಅದು ದಾರವಾಗಿ ಉಳಿಯುವುದಿಲ್ಲ, ಕಡ್ಡಿ ಆಗುತ್ತದೆ. ಮುಳ್ಳು ಅಲುಗುವುದೇ ಇಲ್ಲ. ಅಲುಗದ ಮುಳ್ಳು ರೆಕಾರ್ಡಿನ ಗೆರೆಯನ್ನು ಕೆತ್ತುತ್ತದೆ. ಕಾರ್ಟ್ರಿಜ್ ಜೊತೆಗೆ ಅಪ್ಪನ ರೆಕಾರ್ಡುಗಳೂ ಹೋಗುತ್ತವೆ. ರಬ್ಬರ್ ಮೆತ್ತಗೆ ಮಾಡಲು ಬ್ರೇಕ್ ಆಯಿಲ್, ಥಿನ್ನರ್ ಹಾಕುವ ಸಲಹೆಗಳೂ ನಿಮ್ಮ ಕಿವಿಗೆ ಬೀಳಬಹುದು. ಅವೂ ದಾರ ಹಿಡಿದು ಒಳಗೆ ಇಳಿಯುತ್ತವೆ. ಅವೂ ಬೇಡ. ಮುಳ್ಳು ತೊಳೆಯುವ ಸ್ಪಿರಿಟ್ ಕೂಡ ಡೆಕ್ಕಾಗೆ ಆಗದು.

‘ಮುಳ್ಳು ಬದಲಾಯಿಸಿ’ ಅಂದವರ ಮಾತೂ ಇದಕ್ಕೆ ಹೊಂದುವುದಿಲ್ಲ. ಮಾಮೂಲಿ ಕಾರ್ಟ್ರಿಜ್‌ನಲ್ಲಿ ಉಗುರಿನಿಂದ ಎಳೆದರೆ ಮುಳ್ಳಿನ ಭಾಗ ಕಳಚಿ ಬರುತ್ತದಲ್ಲ, ಡೆಕ್ಕಾದಲ್ಲಿ ಹಾಗೆ ಕಳಚುವ ಭಾಗವೇ ಇಲ್ಲ. ದಯವಿಟ್ಟು ಯಾರ ಕೈಗೂ ಕೊಟ್ಟು ಎಳೆಸಬೇಡಿ.

ಸರಿ, ಈಗ ನಿಮ್ಮ ತೊಂದರೆಗಳಿಗೆ ಬರೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದ ಮೂರು ತೊಂದರೆಗಳಲ್ಲಿ ಎರಡು ಬಹುಶಃ ಕಾರ್ಟ್ರಿಜ್‌ನದ್ದೇ ಅಲ್ಲ. ಅದಕ್ಕೇ ಹೊರಗಿನಿಂದ ಒಳಕ್ಕೆ ಹೋಗಬೇಕು.

ಎಡಗಡೆ ಸದ್ದು ಕಮ್ಮಿ ಅಂದಿರಿ. ಡೆಕ್ಕಾದ ವಿಶೇಷ ಇಲ್ಲೂ ಇದೆ. ಬೇರೆಯವುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಅಂತ ಕಾಯಿಲ್ ಇರುತ್ತದೆ. ಇದರಲ್ಲಿ ಪಕ್ಕದ ಅಲುಗಾಟ ಹಿಡಿಯಲು ಒಂದು ಕಾಯಿಲ್, ಮೇಲೆ ಕೆಳಗಿನ ಅಲುಗಾಟಕ್ಕೆ ಬೇರೆ ಕಾಯಿಲ್. ಒಂದನ್ನು ಇನ್ನೊಂದಕ್ಕೆ ಕೂಡಿದರೆ ಒಂದು ಕಡೆಯ ಸದ್ದು, ಕಳೆದರೆ ಇನ್ನೊಂದು ಕಡೆಯದು. ಈ ಕೂಡು ಕಳೆ ಎಲ್ಲ ಒಳಗಿನ ವೈರಿಂಗ್‌ನಲ್ಲೇ ನಡೆಯುತ್ತದೆ. ಎರಡೂ ಕಡೆ ಒಂದೇ ಸದ್ದು ಬರುವ ಮೋನೋ ರೆಕಾರ್ಡಿನಲ್ಲಿ ಗೆರೆ ಬರೀ ಪಕ್ಕಕ್ಕೆ ಅಲುಗುತ್ತದೆ. ಆದ್ದರಿಂದ ಹಳೆಯ ಎಚ್‌ಎಂವಿ ಮೋನೋ ಎಲ್‌ಪಿ ಒಂದು ಹಾಕಿ. ಅಂಥವು ನಿಮ್ಮಲ್ಲಿ ಇದ್ದೇ ಇರುತ್ತವೆ. ಎರಡೂ ಕಡೆ ಸಮ ಬರಬೇಕು. ಮೋನೋದಲ್ಲೂ ಎಡಗಡೆ ಕಮ್ಮಿ ಇದ್ದರೆ ವೈರು, ಪಿನ್ನು, ಕೇಬಲ್ ಇವುಗಳ ಮೇಲೆ ಅನುಮಾನ ಪಡಿ. ಮೋನೋ ಸಮ ಇದ್ದು, ಸ್ಟೀರಿಯೋ ರೆಕಾರ್ಡ್ ಹಾಕಿದಾಗ ಎರಡೂ ಕಡೆ ಒಂದೇ ಥರ ಕೇಳಿದರೆ ಮುಳ್ಳಿಗೆ ಮೇಲೆ ಕೆಳಗೆ ಅಲುಗಲು ಆಗುತ್ತಿಲ್ಲ ಎಂದರ್ಥ. ಆಗ ಒಳಗೆ ಕಸ ಸೇರಿದೆಯಾ ನೋಡಬೇಕು.

ನಿಮ್ಮದು ವೈರಿನ ತೊಂದರೆ ಎಂದೇ ನನಗೆ ಅನ್ನಿಸುತ್ತದೆ. ಎಸ್‌ಎಂಇ ಆರ್ಮ್‌ನಲ್ಲಿ ಹೆಡ್‌ಶೆಲ್ (ಕಾರ್ಟ್ರಿಜ್ ಸ್ಕ್ರೂ ಮಾಡಿದ ಹಿಡಿ) ಕೂರುವ ಕಡೆ ನಾಲ್ಕು ಪುಟ್ಟ ಗುಂಡಿಗಳಿವೆ, ಸ್ಪ್ರಿಂಗ್ ಮೇಲೆ ನಿಂತವು. ನಲವತ್ತು ವರ್ಷದಲ್ಲಿ ಅವು ಕಪ್ಪಾಗಿರುತ್ತವೆ. ಹೆಡ್‌ಶೆಲ್ ಬಿಚ್ಚಿ, ಒಣ ಹತ್ತಿ ಬಟ್ಟೆಯಿಂದ ಒತ್ತಿ ಉಜ್ಜಿ. ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಮತ್ತೆ ಹಾಕಿ. ಕಾರ್ಟ್ರಿಜ್ ಹಿಂದಿನ ಪಿನ್ನುಗಳಿಗೆ ಸಿಕ್ಕಿಸಿದ ತುಂಡು ವೈರುಗಳನ್ನೂ ಒಮ್ಮೆ ತೆಗೆದು ಹಾಕಿ. ಪಿನ್ನಿನ ಮೇಲೆ ಬೆಸುಗೆ ಹಾಕಬೇಡಿ. ಆ ಬಿಸಿ ಒಳಗಿನ ಕೂದಲಿನಂಥ ತಂತಿಯನ್ನು ಬಿಡಿಸಿಬಿಡುತ್ತದೆ. ಅಲ್ಲಿಗೂ ಸರಿಹೋಗದಿದ್ದರೆ ಆಂಪ್ಲಿಫೈಯರ್ ಹಿಂದೆ ಎಡ ಬಲ ಕೇಬಲ್ ಅದಲು ಬದಲು ಮಾಡಿ. ಕಮ್ಮಿ ಸದ್ದು ಎಡಗಡೆಯೇ ಉಳಿದರೆ ತೊಂದರೆ ಆಂಪ್ಲಿಫೈಯರ್ ಅಥವಾ ಸ್ಪೀಕರ್ ಕಡೆ ಇದೆ. ಬಲಕ್ಕೆ ಹೋದರೆ ಕೇಬಲ್ ಅಥವಾ ಅದರ ಹಿಂದಿನದು.

ಕೊನೆಗೆ ಮಲ್ಟಿಮೀಟರ್. ಡಿಜಿಟಲ್ ಮೀಟರ್ ಮಾತ್ರ. ಹಳೆಯ ಮುಳ್ಳಿನ ಮೀಟರ್ ಓಮ್ ಅಳೆಯುವಾಗ ಜಾಸ್ತಿ ಕರೆಂಟ್ ಬಿಡುತ್ತದೆ. ಕಾರ್ಟ್ರಿಜ್ ಹಿಂದೆ ಪಿನ್ ಎಷ್ಟಿವೆ ಎಣಿಸಿ. ಹಳೆಯ ಡೆಕ್ಕಾಗಳಲ್ಲಿ ಮೂರೇ ಇರುತ್ತವೆ: ಎಡ, ಬಲ, ಎರಡಕ್ಕೂ ಸೇರಿ ಒಂದು ಅರ್ತ್. ಅರ್ತ್‌ನಿಂದ ಎಡಕ್ಕೆ, ಅರ್ತ್‌ನಿಂದ ಬಲಕ್ಕೆ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಒಂದೇ ಬಂದರೆ ಕಾಯಿಲ್ ಚೆನ್ನಾಗಿದೆ. ಒಂದು ಕಡೆ ಮೀಟರ್ ಏನೂ ತೋರಿಸದಿದ್ದರೆ ಆ ಕಡೆಗೆ ಹೋಗುವ ಕಾಯಿಲ್ ತಂತಿ ಹರಿದಿದೆ. ಹಾಗಿದ್ದಿದ್ದರೆ ನಿಮಗೆ ಎಡಗಡೆ ಸದ್ದೇ ಬರುತ್ತಿರಲಿಲ್ಲ. ಕಮ್ಮಿ ಬರುತ್ತಿದೆ ಅಂದರೆ ಕಾಯಿಲ್ ಉಳಿದಿದೆ ಎಂದೇ ನನ್ನ ನಂಬಿಕೆ.

ಗುಂಯ್ ಸದ್ದಿಗೆ ಒಂದು ಸುಲಭ ಪರೀಕ್ಷೆ. ಆರ್ಮ್ ಅನ್ನು ಗುಂಯ್ ಜಾಸ್ತಿ ಇರುವ ಜಾಗಕ್ಕೆ ತಂದು ಮುಳ್ಳು ಎತ್ತಿ ನಿಲ್ಲಿಸಿ. ಈಗ ಮೋಟಾರ್ ಆಫ್ ಮಾಡಿ. ಗುಂಯ್ ನಿಂತಿತಾ? ಹಾಗಾದರೆ ಅದು ಮೋಟಾರಿನ ಅಯಸ್ಕಾಂತದ ಪ್ರಭಾವ. ಡೆಕ್ಕಾ ಇಂಥದ್ದನ್ನು ಬೇಗ ಹಿಡಿಯುತ್ತದೆ. ನಿಲ್ಲದಿದ್ದರೆ ಅರ್ತಿಂಗ್ ತೊಂದರೆ. ಮೂರು ಪಿನ್ನಿನ ಕಾರ್ಟ್ರಿಜ್‌ಗೆ ನಾಲ್ಕು ವೈರಿನ ಆರ್ಮ್ ಸೇರಿಸಿದಾಗ ಎಡ ಬಲ ಎರಡರ ಅರ್ತ್ ವೈರೂ ಒಂದೇ ಪಿನ್ನಿಗೆ ಬರುತ್ತವೆ. ಅವು ಆಂಪ್ಲಿಫೈಯರ್ ಒಳಗೂ ಕೂಡಿಕೊಂಡಿರುತ್ತವೆ. ಅಲ್ಲಿಗೆ ಒಂದು ದೊಡ್ಡ ಸುತ್ತು ಆಯಿತು, ಆ ಸುತ್ತು ಮನೆಯ ಕರೆಂಟಿನ ಸದ್ದನ್ನೆಲ್ಲ ಹಿಡಿಯುತ್ತದೆ. ಕಾರ್ಟ್ರಿಜ್ ಕಡೆಯ ಒಂದು ಅರ್ತ್ ವೈರು ಬಿಡಿಸಿ ಕೇಳಿ ನೋಡಿ. ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ಗೆ ಬೇರೆ ಒಂದು ತೆಳು ಅರ್ತ್ ವೈರು ಇರಲೇಬೇಕು. ಆಂಪ್ಲಿಫೈಯರನ್ನು ಟರ್ನ್‌ಟೇಬಲ್‌ನ ಬಲಗಡೆ, ಆರ್ಮ್ ಪಕ್ಕದಲ್ಲೇ ಇಟ್ಟಿದ್ದರೆ ದೂರ ಸರಿಸಿ. ಅದರ ಟ್ರಾನ್ಸ್‌ಫಾರ್ಮರ್ ಕೂಡ ಇದೇ ಕಾಟ ಕೊಡುತ್ತದೆ. ಅಂದ ಹಾಗೆ, ಇಂಗ್ಲೆಂಡಿನ ಕರೆಂಟೂ ನಮ್ಮದೂ 50 ಹರ್ಟ್ಸ್. ಹಾಗಾಗಿ ನಿಮ್ಮ 401ರ ವೇಗದ ಬಗ್ಗೆ ಚಿಂತೆ ಬೇಡ. ಅಮೆರಿಕದಿಂದ 60 ಹರ್ಟ್ಸ್‌ನದ್ದು ತಂದವರಿಗೆ ಮಾತ್ರ ಪುಲ್ಲಿ ಬದಲಾಯಿಸುವ ಕೆಲಸ.

ಇನ್ನು ದನಿ ಹರಿಯುವುದು. ನಿಜವಾಗಿ ಕಾರ್ಟ್ರಿಜ್ ಒಳಗಿನ ಮಾತು ಇದು. ಇಲ್ಲಿ ನಾಲ್ಕು ಅನುಮಾನಗಳಿವೆ: ಮುಳ್ಳು ರೆಕಾರ್ಡನ್ನು ಒತ್ತುವ ತೂಕ ಕಮ್ಮಿ, ಅಯಸ್ಕಾಂತದ ಸಂದಿಯಲ್ಲಿ ಕಸ, ಸವೆದ ವಜ್ರ, ಗಟ್ಟಿಯಾದ ರಬ್ಬರ್.

ಲಂಡನ್ ಸರಣಿಯವುಗಳಿಗೆ 1.8 ಗ್ರಾಂ ಆಸುಪಾಸು ತೂಕ ಬೇಕು. 60ರ ದಶಕದ ಡೆಕ್ಕಾ ತಲೆಗಳಿಗಾದರೆ 3 ಗ್ರಾಂ ಹತ್ತಿರ. ತೂಕ ನೋಡಲು ಚಿನ್ನದ ಅಂಗಡಿಯವರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ತರುತ್ತೀರಿ. ಅದರ ತಟ್ಟೆ ಸ್ಟೀಲ್. ಡೆಕ್ಕಾದ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ, ತಕ್ಕಡಿ ಸುಳ್ಳು ಲೆಕ್ಕ ತೋರಿಸುತ್ತದೆ. ಅದು ನಂಬಿ ತೂಕ ಇಳಿಸಿದರೆ ರೆಕಾರ್ಡಿನ ಮೇಲೆ ಮುಳ್ಳು ಹಗುರಾಗಿ ಗೆರೆಯಲ್ಲಿ ಕುಣಿಯುತ್ತದೆ, ದನಿ ಹರಿಯುತ್ತದೆ. ಎಷ್ಟೋ ಮನೆಗಳಲ್ಲಿ ಹರಿದ ದನಿಗೆ ಕಾರಣ ಇಷ್ಟೇ. ಎಸ್‌ಎಂಇಯಲ್ಲೇ ಒಳ್ಳೆಯ ಏರ್ಪಾಡು ಇದೆ. ಮೊದಲು ಆರ್ಮ್ ಗಾಳಿಯಲ್ಲಿ ಸಮ ನಿಲ್ಲುವಂತೆ ಹಿಂದಿನ ತೂಕ ಹೊಂದಿಸಿ. ಆಮೇಲೆ ಪಕ್ಕದ ಕಡ್ಡಿಯ ಮೇಲಿನ ಪುಟ್ಟ ತೂಕವನ್ನು ಗುರುತು ನೋಡಿಕೊಂಡು ಸರಿಸಿ. ಅದೇ ಸಾಕು. ನಿಮ್ಮ 401ರ ತಟ್ಟೆ ಅಲ್ಯೂಮಿನಿಯಂ ಎರಕದ್ದು, ಅದು ಅಯಸ್ಕಾಂತವನ್ನು ಎಳೆಯುವುದಿಲ್ಲ. ಆ ಮಟ್ಟಿಗೆ ನಿಮ್ಮ ತಂದೆ ಸರಿಯಾದ ಜೋಡಿಯನ್ನೇ ಆರಿಸಿದ್ದಾರೆ.

ಕಸದ ವಿಷಯದಲ್ಲಿ ನಮ್ಮ ಸೀಮೆಯವರು ಬೇರೆ ಊರಿನವರಿಗಿಂತ ಎರಡು ಪಟ್ಟು ಎಚ್ಚರ ಇರಬೇಕು. ಡೆಕ್ಕಾದ ಕೆಳಗೆ ಪಟ್ಟಿ ಹೊರಬರುವ ಕಡೆ ಅಯಸ್ಕಾಂತದ ಸಂದಿ ತೆರೆದೇ ಇದೆ. ಕಬ್ಬಿಣದ ಯಾವ ಪುಡಿ ಹತ್ತಿರ ಬಂದರೂ ಅಲ್ಲಿ ಹೋಗಿ ಅಂಟುತ್ತದೆ. ಚಿತ್ರದುರ್ಗದ ಮಣ್ಣು ನಿಮಗೆ ಗೊತ್ತಲ್ಲ. ಮಳೆ ನೀರು ಹರಿದು ಹೋದ ಮೇಲೆ ರಸ್ತೆ ಪಕ್ಕ ಕಪ್ಪು ಗೆರೆಯಾಗಿ ನಿಲ್ಲುವ ಮರಳಿಗೆ ಮಕ್ಕಳು ಮ್ಯಾಗ್ನೆಟ್ ಹಿಡಿದರೆ ಮೀಸೆಯಂತೆ ಅಂಟಿಕೊಂಡು ಬರುತ್ತದೆ. ಅದು ಮ್ಯಾಗ್ನೆಟೈಟ್. ಭೀಮಸಮುದ್ರದ ಕಡೆ ಅದಿರಿನ ಲಾರಿ ಎಬ್ಬಿಸುವ ಕೆಂಪು ಧೂಳು ಹೆಚ್ಚಾಗಿ ಹೆಮಟೈಟ್, ಅದು ಅಷ್ಟಾಗಿ ಅಂಟುವುದಿಲ್ಲ. ಈ ಕಪ್ಪು ಕಣ ಮಾತ್ರ ಬಿಡುವುದಿಲ್ಲ. ಗಾಳಿ ಬೀಸುವ ಊರು ಬೇರೆ. ಕಿಟಕಿ ತೆರೆದಿಟ್ಟು ಮುಳ್ಳು ಮುಚ್ಚದೆ ಬಿಟ್ಟರೆ ವರ್ಷ ಕಳೆಯುವುದರೊಳಗೆ ಸಂದಿಯಲ್ಲಿ ಕಪ್ಪು ಗಡ್ಡ ಬೆಳೆದಿರುತ್ತದೆ. ಆಗ ಪಟ್ಟಿ ಅಲುಗಲು ಜಾಗವೇ ಇರುವುದಿಲ್ಲ.

ಇದನ್ನು ನೀವೇ ತೆಗೆಯಬಹುದು, ಆದರೆ ಉಕ್ಕಿನ ಯಾವ ಸಾಮಾನೂ ಹತ್ತಿರ ತರಬೇಡಿ. ಸೂಜಿ, ಬ್ಲೇಡು, ಸ್ಟೀಲ್ ಚಿಮಟ ಒಂದೂ ಬೇಡ. ಬೆರಳಿನಷ್ಟು ಹತ್ತಿರ ಬಂದಾಗ ಕೈಗೆ ಏನೂ ಗೊತ್ತಾಗುವುದಿಲ್ಲ. ಇನ್ನೂ ಒಂಚೂರು ಹತ್ತಿರ ಹೋದರೆ ಚಿಮಟದ ತುದಿ ಕೈ ಮೀರಿ ಹಾರಿ ಹೋಗಿ ಪಟ್ಟಿಗೆ ಬಡಿಯುತ್ತದೆ. ಅಲ್ಲಿಗೆ ಮುಗಿಯಿತು. ಹೆಡ್‌ಶೆಲ್ ಬಿಚ್ಚಿ, ಮುಳ್ಳು ಮೇಲೆ ಮಾಡಿ, ಬಟ್ಟೆಯ ಮೇಲೆ ಇಡಿ. ಒಂದು ಬಿದಿರಿನ ಕಡ್ಡಿಯನ್ನು ಚೂಪು ಮಾಡಿ. ಗೋಡೆಗೆ ಚಿತ್ರ ಅಂಟಿಸುವ, ಹಿಟ್ಟಿನ ಮುದ್ದೆಯಂತೆ ಮೆತ್ತಗಿರುವ ಅಂಟು (ಬ್ಲೂ ಟ್ಯಾಕ್ ಥರದ್ದು, ನೀರು ಗೋಂದಲ್ಲ) ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಸಾಸಿವೆ ಕಾಳಷ್ಟು ತುಂಡನ್ನು ಕಡ್ಡಿಯ ತುದಿಗೆ ಹಚ್ಚಿ. ಭೂತಗನ್ನಡಿ ಹಿಡಿದು ಸಂದಿಯ ಅಂಚಿಗೆ ಮುಟ್ಟಿಸಿ ಎತ್ತಿ, ಮುಟ್ಟಿಸಿ ಎತ್ತಿ. ಪ್ರತಿ ಸಲ ಕಪ್ಪು ಚುಕ್ಕೆಗಳು ಅಂಟಿಕೊಂಡು ಬರುತ್ತವೆ. ಪಟ್ಟಿಗೆ, ದಾರಕ್ಕೆ, ವಜ್ರಕ್ಕೆ ತಾಗಬಾರದು. ಊದಬೇಡಿ, ಒಳಗೆ ಹೋಗುತ್ತದೆ. ವಜ್ರದ ತುದಿಯ ಹತ್ತಿ ಜುಂಗು ತೆಗೆಯಲು ಒಣ ಮೆತ್ತನೆ ಬ್ರಷ್ ಸಾಕು. ಹಿಂದಿನಿಂದ ಮುಂದಕ್ಕೆ ಮಾತ್ರ ಸವರಿ, ರೆಕಾರ್ಡ್ ಓಡುವ ದಿಕ್ಕಿಗೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಮುಳ್ಳು ರೆಕಾರ್ಡಿನ ಮೇಲಿರುವಾಗ ಯಾರೂ ತಟ್ಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಬಾರದು. ದಾರ ಹಿಡಿಯುವುದು ಒಂದೇ ದಿಕ್ಕಿನ ಎಳೆತವನ್ನು. ಹಿಂದಕ್ಕೆ ತಳ್ಳಿದರೆ ದಾರ ಸಡಿಲಾಗುತ್ತದೆ, ಪಟ್ಟಿ ಮಡಚಿಕೊಳ್ಳುತ್ತದೆ. ಮನೆಯ ಮಕ್ಕಳಿಗೆ ಇದನ್ನು ಹೇಳಿಟ್ಟಿರಿ.

ವಜ್ರ ಸವೆದಿದೆಯಾ ನೋಡಲು ತಂದೆಯವರ ಹಳೆಯ ಮೈಕ್ರೋಸ್ಕೋಪ್ ಇದ್ದರೆ ಅದೇ ಸಾಕು. ಅದರ ಕಬ್ಬಿಣದ ಮಣೆಯ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ಮರದ ತುಂಡು ಇಡಿ. ಅತಿ ಕಮ್ಮಿ ಪವರ್‌ನ ಲೆನ್ಸ್ ಹಾಕಿ, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಮೆರೂನ್‌ನ ವಜ್ರ ಶಂಕುವಿನ ಆಕಾರದ್ದು, ತುದಿ ಉರುಟು. ಹೊಸ ವಜ್ರದ ಮೇಲೆ ಬೆಳಕು ಒಂದು ಸಣ್ಣ ಚುಕ್ಕೆಯಾಗಿ ಬೀಳುತ್ತದೆ, ತಿರುಗಿಸಿದರೆ ಚುಕ್ಕೆ ನಿಧಾನ ಜಾರುತ್ತದೆ. ಸವೆದದ್ದರಲ್ಲಿ ಎಡ ಬಲ ಎರಡು ಪಕ್ಕ ಚಪ್ಪಟೆಯಾಗಿರುತ್ತದೆ. ಒಂದು ಕೋನಕ್ಕೆ ಬಂದಾಗ ಆ ಚಪ್ಪಟೆ ಜಾಗ ಪೂರ್ತಿ ಕನ್ನಡಿಯಂತೆ ಫಳ್ ಎಂದು ಹೊಳೆದು ಮಾಯವಾಗುತ್ತದೆ. ಹಾಗೆ ಕಂಡರೆ ಆ ಮುಳ್ಳನ್ನು ಇನ್ನೊಂದು ರೆಕಾರ್ಡಿಗೂ ಮುಟ್ಟಿಸಬೇಡಿ. ಆ ಅಂಚು ಉಳಿಯಂತೆ ಕೆತ್ತುತ್ತದೆ. ಸಾಮಾನ್ಯವಾಗಿ ಸಾವಿರ ಗಂಟೆ ಹತ್ತಿರ ಬಂದಾಗ ವಜ್ರದ ಕತೆ ಮುಗಿಯಿತು ಅನ್ನುತ್ತಾರೆ. ಎಲ್‌ಪಿ ಒಂದಕ್ಕೆ 40 ನಿಮಿಷ ಹಿಡಿದರೂ ಅದು 1500 ಎಲ್‌ಪಿ ಆಯಿತು. ಬಿಡುವಿಲ್ಲದ ಡಾಕ್ಟರ್ ಅಷ್ಟು ಕೇಳಿರುವುದು ಕಷ್ಟ. ನಿಮ್ಮ ವಜ್ರ ಚೆನ್ನಾಗಿರಬಹುದು ಎಂಬ ಆಸೆ ನನಗಿದೆ.

ರಬ್ಬರ್ ಗಟ್ಟಿಯಾಗಿದೆಯಾ ತಿಳಿಯಲು ಬಿಚ್ಚುವುದು ಬೇಕಿಲ್ಲ. ಚಳಿಗಾಲದ ಬೆಳಿಗ್ಗೆ ಒಂದು ರೆಕಾರ್ಡ್ ಹಾಕಿ. ಅದೇ ರೆಕಾರ್ಡನ್ನು ಮಧ್ಯಾಹ್ನ ಮೂರಕ್ಕೆ, ಕೋಣೆ ಬೆಚ್ಚಗಾದ ಮೇಲೆ ಹಾಕಿ. ಬೆಳಿಗ್ಗೆ ಹರಿದ ದನಿ ಮಧ್ಯಾಹ್ನ ಸುಧಾರಿಸಿದರೆ ರಬ್ಬರೇ ಕಾರಣ. ಬಿಸಿಗೆ ಅದು ತುಸು ಮೆತ್ತಗಾಗುತ್ತದೆ. ಎರಡೂ ಹೊತ್ತು ಒಂದೇ ಥರ ಹರಿದರೆ ವಜ್ರ ಅಥವಾ ದಾರ. ದಾರವನ್ನು ಪಕ್ಕದಿಂದ ಭೂತಗನ್ನಡಿಯಲ್ಲಿ ನೋಡಿ. ಬಿಗಿಯಾಗಿ ನೇರ ಇರಬೇಕು. ಜೋತು ಬಿದ್ದಿದ್ದರೆ, ಎಳೆ ಬಿಟ್ಟಿದ್ದರೆ, ಪಟ್ಟಿ ಮುಂದಕ್ಕೆ ವಾಲಿದ್ದರೆ ಬಳಸುವುದು ನಿಲ್ಲಿಸಿ.

ದಾರ ಬದಲಾಯಿಸುವ ಕೆಲಸವನ್ನು ನಾನು ದಾವಣಗೆರೆಯಲ್ಲಿ ಕೂತು ಮಾಡುವುದಿಲ್ಲ. ಇಷ್ಟು ವರ್ಷ ಇಂಥ ಯಂತ್ರಗಳ ಜೊತೆ ಇದ್ದೂ ಯಾಕೆ ಅಂದರೆ, ದಾರದ ಬಿಗಿಯೇ ಪಟ್ಟಿಯನ್ನು ಸಂದಿಯ ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ತುಸು ಹೆಚ್ಚು ಬಿಗಿದರೆ ಮುಳ್ಳು ಮರಗಟ್ಟುತ್ತದೆ, ತುಸು ಸಡಿಲವಾದರೆ ತೂಗಾಡುತ್ತದೆ. ಕಟ್ಟಿದ ಮೇಲೆ ಅಳೆದು ನೋಡುವ ಸಲಕರಣೆ ಬೇಕು, ಅದೇ ಕೆಲಸ ನೂರಾರು ಸಲ ಮಾಡಿದ ಕೈ ಬೇಕು. ಹಿಂದೆ ಆಸ್ಟ್ರೇಲಿಯಾದ ಗ್ಯಾರಟ್ ಸೋದರರು ಡೆಕ್ಕಾಗಳಿಗೆ ಹೊಸ ವಜ್ರ ಕೂರಿಸಿ ಹೆಸರು ಮಾಡಿದ್ದರು. 1980ರಲ್ಲಿ ಡೆಕ್ಕಾ ಕಂಪನಿ ಹಂಚಿಹೋಯಿತು. ರೆಕಾರ್ಡ್ ವ್ಯಾಪಾರ ಪಾಲಿಗ್ರಾಮ್ ಪಾಲಾಯಿತು, ಉಳಿದದ್ದು ರಾಕಾಲ್ ಪಾಲಾಯಿತು. 1989ರಲ್ಲಿ ಕಾರ್ಟ್ರಿಜ್ ಕೆಲಸವೂ ನಿಲ್ಲುವ ಹೊತ್ತಿಗೆ ಅಲ್ಲೇ ಎಂಜಿನಿಯರ್ ಆಗಿದ್ದ ಜಾನ್ ರೈಟ್ ಅದನ್ನು ‘ಲಂಡನ್’ ಹೆಸರಿನಲ್ಲಿ ಮುಂದುವರಿಸಿದರು. ಅವರು ಕೈಯಾರೆ ಮಾಡಿದ್ದರಿಂದಲೇ ಈ ಬಗೆಯ ಕಾರ್ಟ್ರಿಜ್ ಇಷ್ಟು ಕಾಲ ಉಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳ ಸದ್ದು ಗುರುತಿಸಲು ಬೇಕಾದ ರೆಕಾರ್ಡಿಂಗ್ ಮಾಡಿದ ಆರ್ಥರ್ ಹ್ಯಾಡಿ ಅವರ ಡೆಕ್ಕಾ ತಂಡ ಶುರುಮಾಡಿದ ಕೆಲಸ ಅದು. ಅದನ್ನು ಉಳಿಸಿದವರನ್ನು ನೆನೆಯದೆ ಡೆಕ್ಕಾ ಬಗ್ಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಹೊರದೇಶಕ್ಕೆ ಕಳಿಸುವುದಾದರೆ, ಹಳೆಯ ಕಾರ್ಟ್ರಿಜ್‌ಗಳಿಗೆ ವಜ್ರ ಕೂರಿಸುವುದರಲ್ಲಿ ಇಂಗ್ಲೆಂಡಿನ ಎಕ್ಸ್‌ಪರ್ಟ್ ಸ್ಟೈಲಸ್ ಕಂಪನಿ ಹೆಸರುವಾಸಿ. ಯಾರಿಗೇ ಕಳಿಸಿ, ಮೊದಲು ಪತ್ರ ಬರೆದು ಒಂದು ಮಾತು ಕೇಳಿ: ‘ವಜ್ರ ಮಾತ್ರ ಕೂರಿಸುತ್ತೀರೋ, ದಾರ ಮತ್ತು ರಬ್ಬರನ್ನೂ ನೋಡುತ್ತೀರೋ?’ ಬರೀ ವಜ್ರ ಹೊಸದು ಮಾಡಿ ಗಟ್ಟಿ ರಬ್ಬರ್ ಹಾಗೇ ಬಿಟ್ಟರೆ ದುಡ್ಡು ದಂಡ. ಈ ಕೆಲಸಕ್ಕೆ ಒಂದು ಒಳ್ಳೆಯ ಹೊಸ ಕಾರ್ಟ್ರಿಜ್‌ನಷ್ಟೇ ಖರ್ಚು ಬರಬಹುದು. ಮನಸ್ಸು ಗಟ್ಟಿ ಮಾಡಿಕೊಂಡು ಕಳಿಸಿ. ಹೋಗುವಾಗಲೇ ‘ರಿಪೇರಿಗೆ ಹೋಗಿ ವಾಪಸ್ ಬರುವ ವಸ್ತು’ ಎಂದು ಕಾಗದದಲ್ಲಿ ಬರೆಸಿ, ಫೋಟೋ ಲಗತ್ತಿಸಿ, ಪ್ರತಿ ಇಟ್ಟುಕೊಳ್ಳಿ. ಆ ಕಾಗದ ಇಲ್ಲದಿದ್ದರೆ ಬರುವಾಗ ಕಸ್ಟಮ್ಸ್‌ನವರು ಹೊಸ ಸಾಮಾನಿನಂತೆ ಸುಂಕ ಕೇಳುತ್ತಾರೆ. ಪ್ಯಾಕ್ ಮಾಡುವಾಗ ಹೆಡ್‌ಶೆಲ್ ಸಮೇತ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಮುಳ್ಳಿನ ಸುತ್ತ ಹತ್ತಿ ತುರುಕಬೇಡಿ. ಎಳೆ ಸಿಕ್ಕಿಕೊಂಡು ತೆಗೆಯುವಾಗ ದಾರವನ್ನೇ ಎಳೆಯುತ್ತದೆ.

ಮನೆಯಲ್ಲಿ ಇಡುವಾಗಲೂ ಬೀರುವಿನ ನುಸಿ ಗುಳಿಗೆಯ ಜೊತೆ ಇಡಬೇಡಿ. ಆ ಆವಿ ರಬ್ಬರಿಗೂ ಪ್ಲಾಸ್ಟಿಕ್‌ಗೂ ಒಳ್ಳೆಯದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆರ್‌ಸಿಸಿ ಮನೆಯ ಮೇಲಿನ ಮಹಡಿಯೂ ಬೇಡ. ಕೆಳಗಿನ ತಣ್ಣನೆಯ ಕೋಣೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಿ.

ಆರ್ಮ್ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಡೆಕ್ಕಾ ತನ್ನ ಕಂಪನವನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಆರ್ಮ್‌ಗೆ ದಾಟಿಸುತ್ತದೆ. ಎಸ್‌ಎಂಇ 3009 ಹಗುರವಾದ ಆರ್ಮ್, ಅದು ಆ ಕಂಪನಕ್ಕೆ ನಡುಗುತ್ತದೆ. ಡೆಕ್ಕಾದವರು ತಮ್ಮದೇ ‘ಇಂಟರ್‌ನ್ಯಾಷನಲ್’ ಆರ್ಮ್‌ನಲ್ಲಿ ಸಿಲಿಕೋನ್ ಎಣ್ಣೆಯ ಏರ್ಪಾಡು ಇಟ್ಟದ್ದು ಅದಕ್ಕೇ. 3009ಕ್ಕೂ ಎಫ್‌ಡಿ 200 ಎಂಬ ಎಣ್ಣೆ ತೊಟ್ಟಿ ಬರುತ್ತಿತ್ತು. ತಂದೆಯವರ ಡಬ್ಬಿಗಳಲ್ಲಿ ಹುಡುಕಿ ನೋಡಿ. ಸಿಗದಿದ್ದರೂ ಹೆಡ್‌ಶೆಲ್‌ನ ಬಳೆ ಮತ್ತು ಕಾರ್ಟ್ರಿಜ್ ಸ್ಕ್ರೂ ಬಿಗಿ ಇರಲಿ, ಆರ್ಮ್ ರೆಕಾರ್ಡಿಗೆ ಸಮಾನಾಂತರ ಇರಲಿ. ಅರ್ಧ ಸುಧಾರಣೆ ಅಲ್ಲೇ ಕಾಣುತ್ತದೆ. ಆಂಪ್ಲಿಫೈಯರ್‌ನಲ್ಲಿ ಮಾಮೂಲಿ 47 ಕಿಲೋ ಓಮ್ ಫೋನೋ ಇನ್‌ಪುಟ್ ಸಾಕು. ಡೆಕ್ಕಾ ಸುಮಾರು 5 ಮಿಲಿವೋಲ್ಟ್ ಕೊಡುವ ಜೋರು ಕಾರ್ಟ್ರಿಜ್, ಬೇರೆ ಟ್ರಾನ್ಸ್‌ಫಾರ್ಮರ್ ಬೇಡ.

ಹೊಸದು ತಗೊಳ್ಳಲಾ ಅಂದಿರಿ. ತಗೊಳ್ಳಿ, ಆದರೆ ಡೆಕ್ಕಾದ ಬದಲಿಗೆ ಅಲ್ಲ, ಅದರ ಜೊತೆಗೆ. ಆಡಿಯೋ ಟೆಕ್ನಿಕಾ ವಿಎಂ95 ಥರದ್ದು ಒಂದನ್ನು ಬೇರೆ ಹೆಡ್‌ಶೆಲ್‌ಗೆ ಹಾಕಿಡಿ. ದಿನಬಳಕೆಗೆ, ಗೀರು ಬಿದ್ದ ರೆಕಾರ್ಡಿಗೆ, ನೆಂಟರು ಬಂದಾಗ ಅದು. ಡೆಕ್ಕಾ ನಿಮ್ಮ ಒಳ್ಳೆಯ ರೆಕಾರ್ಡುಗಳಿಗೆ.

78ರ ಪ್ಲೇಟುಗಳನ್ನು ಈ ಮೆರೂನ್‌ನಲ್ಲಿ ಹಾಕಲೇಬೇಡಿ. 401ರಲ್ಲಿ 78ರ ವೇಗ ಇದೆ, ಅದೇನೋ ನಿಜ. ಆದರೆ ಎಲ್‌ಪಿ ಮುಳ್ಳಿನ ತುದಿ ಸುಮಾರು 15 ಮೈಕ್ರಾನ್, 78ರ ಗೆರೆಗೆ ಬೇಕಾದದ್ದು 65ರಿಂದ 75 ಮೈಕ್ರಾನ್. ಸಣ್ಣ ಮುಳ್ಳು ಅಗಲವಾದ ಗೆರೆಯ ತಳಕ್ಕೆ ಬಿದ್ದು ಧೂಳು ಕೆರೆಯುತ್ತದೆ. ಅರಗಿನ ಪ್ಲೇಟಿಗೆ ಕಲ್ಲಿನ ಪುಡಿ ಬೆರೆಸಿರುತ್ತಾರೆ, ಅದು ವಜ್ರವನ್ನು ಬೇಗ ಸವೆಸುತ್ತದೆ. ವಿಎಂ95 ತಗೊಂಡರೆ ಅದರಲ್ಲಿ ಮುಳ್ಳಿನ ಭಾಗ ಕಳಚಿ ಬರುತ್ತದೆ. 78ಕ್ಕೆಂದೇ ಎಸ್‌ಪಿ ಹೆಸರಿನ ಮುಳ್ಳು ಬೇರೆ ಸಿಗುತ್ತದೆ. ಅದನ್ನು ಸಿಕ್ಕಿಸಿ, ತೂಕ 5 ಗ್ರಾಂಗೆ ಏರಿಸಿ, ಅಜ್ಜಿಯ ಪ್ಲೇಟು ಹಾಕಿ. ಮುಗಿದ ಮೇಲೆ ತೂಕ ಇಳಿಸಿಯೇ ಹೆಡ್‌ಶೆಲ್ ಬದಲಾಯಿಸಿ. 5 ಗ್ರಾಂ ತೂಕದಲ್ಲಿ ಡೆಕ್ಕಾ ಇಳಿಸಿದರೆ ದಾರ ಉಳಿಯುವುದಿಲ್ಲ.